ಲಾಡ್ಲೇಸಾಬನ ಕೋಟು

ಶಹಾಬಾದದ ಸ್ಟೇಷನ್ ರೋಡಿನಲ್ಲಿ
ಈಗ ಮೊಬೈಲ್ ಕವರು ಮಾರುವ ಜಾಗದಲ್ಲಿ
ಒಂದು ಸ್ಟುಡಿಯೋ ಇತ್ತು. ಒಂದು ಕೋಟು ಇತ್ತು.
ಕೋಟಿಗೆ ಎರಡನೇ ಗುಂಡಿ ಇರಲಿಲ್ಲ.

ಹೆಂಗಸರು ಬರುತ್ತಿದ್ದರು, ಸೆರಗಿನ ಗಂಟು ಬಿಚ್ಚಿ
ಹೆಬ್ಬೆರಳ ಉಗುರಿನಷ್ಟು ಮಾರಿ ತೆಗೆದು
ಗಾಜಿನ ಟೇಬಲ್ಲಿನ ಮೇಲೆ ಇಡುತ್ತಿದ್ದರು.
ಸಿಮೆಂಟ್ ಫ್ಯಾಕ್ಟರಿಯ ಗೇಟ್‌ಪಾಸಿನಿಂದ ಕಿತ್ತದ್ದು,
ಯಾರದೋ ಮದುವೆಯ ಗುಂಪಿನಲ್ಲಿ ಮೂರನೇ ಸಾಲಿನದು,
ಇನ್ನೊಬ್ಬರ ರುಮಾಲಿನ ಹಿಂದೆ ಅರ್ಧ ಮುಚ್ಚಿಹೋದದ್ದು.
“ಇದ್ದದ್ದು ಇದೊಂದೇ ನೋಡ್ರಿ ಸಾಬ್,
ನನ್ನ ಬಾಜೂಕ ಕುಂದರಸ್ರಿ.”

ಸತ್ತವನನ್ನು ಕೂರಿಸುವುದು ಸಣ್ಣ ಕೆಲಸವಲ್ಲ.
ಮೊದಲು ಮಾರಿ ದೊಡ್ಡದಾಗಬೇಕು. ದೊಡ್ಡದಾದಷ್ಟೂ
ಅವನು ಕಾಳುಕಾಳಾಗಿ ಒಡೆಯುತ್ತಾನೆ, ತೊಗರಿ ನುಚ್ಚಿನ ಹಾಗೆ.
ಕಿವಿಯ ಸುತ್ತ ಬ್ಲೇಡು ತಿರುಗುವಾಗ
ಲಾಡ್ಲೇಸಾಬ ಉಸಿರು ಬಿಡುತ್ತಿರಲಿಲ್ಲ.
ಕೆಳಗೆ ಫರಸಿ ಕಲ್ಲು, ಮೇಲೆ ದಪ್ಪ ಕಾಗದ.
ಗೂಡ್ಸ್ ಗಾಡಿ ಹೋದರೆ ಕಲ್ಲು ನಡುಗುತ್ತದೆ,
ಕೈ ಎತ್ತಿ ಕಾಯಬೇಕು. ಡಬ್ಬಿ ಎಣಿಸುತ್ತಿದ್ದೆ ನಾನು,
ಹತ್ತು ವರ್ಷದವಳು, ಅಂಟಿನ ಬಟ್ಟಲು ಹಿಡಿದು.

ಮಾರಿ ಬಂತು. ಮೈ ಎಲ್ಲಿಂದ ಬರಬೇಕು?
ಅದಕ್ಕೇ ಕೋಟು.
ತೊಟ್ಟು, ಟೈ ಬಿಗಿದು, ಕುರ್ಚಿಯಲ್ಲಿ ತಾನೇ ಕೂಡುತ್ತಿದ್ದ,
ತೊಡೆಯ ಮೇಲೆ ಎರಡೂ ಕೈ,
ಉಗುರಿನಲ್ಲಿ ಡೆವಲಪರಿನ ಕಂದು.
“ಒತ್ತು” ಅನ್ನುತ್ತಿದ್ದ. ಒತ್ತುತ್ತಿದ್ದೆ.
ಮರುದಿನ ಬೀಡಿ ಹಚ್ಚಿಕೊಂಡು, ಕಾಲರಿಗೆ ಬ್ಲೇಡಿಟ್ಟು
ತನ್ನ ತಲೆ ತಾನೇ ತೆಗೆಯುತ್ತಿದ್ದ.
ತೆಗೆದ ತಲೆಗಳು ಕಸಬರಿಗೆಯ ಪಾಲು.

ಹೀಗೆ ಖಣಿಯಲ್ಲಿ ಸತ್ತ ನಾಗೀಂದ್ರಪ್ಪನಿಗೆ ಮೈ ಬಂತು.
ಧೋತರ ಬಿಟ್ಟು ಬೇರೆ ಉಡದವನು ಟೈ ಕಟ್ಟಿ ಕೂತ.
ಜಗದೇವಿ ನೋಡಿ ನಕ್ಕಳು,
ಬಾಯಿಗೆ ಸೆರಗು ಹಿಡಿದು ಬಹಳ ಹೊತ್ತು ನಕ್ಕಳು.
ಗುಂಡಮ್ಮ ಮಾತ್ರ
ಗಂಡನ ಗಲ್ಲದ ಮೇಲಿನ ಫ್ಯಾಕ್ಟರಿ ಶಿಕ್ಕಾ ಅಳಿಸಗೊಡಲಿಲ್ಲ.
“ಇರ್ಲಿ ಬಿಡ್ರಿ. ಅದು ಹೋದ್ರ ಮಾರೀನೂ ಹೋಗ್ತದ.”

ಕಲಬುರಗಿಯ ಚಿತ್ರಕಲಾ ಕಾಲೇಜಿನಲ್ಲಿ, ಎಷ್ಟೋ ವರ್ಷದ ಮೇಲೆ,
ಪರದೆ ಎಳೆದು ಸರ್ ಸ್ಲೈಡು ತೋರಿಸಿದರು:
ಒಂದು ಗಾಜಿನ ಸಮುದ್ರಕ್ಕೆ ಮತ್ತೊಂದು ಗಾಜಿನ ಮೋಡ ಕೂಡಿಸಿದವರು,
ದೊಡ್ಡ ಯುದ್ಧ ಮುಗಿದ ಊರುಗಳಲ್ಲಿ ಪೇಪರು ಕತ್ತರಿಸಿ
ಸಾಹೇಬರ ಕೊರಳಿಗೆ ಯಂತ್ರದ ಗಾಲಿ ಹಚ್ಚಿದವರು,
ಸಿಟ್ಟಿನಿಂದ ಕತ್ತರಿ ಹಿಡಿದ ಹೆಂಗಸರು.
“ಜೋಡಣೆ ಕಾಣಬೇಕು, ಹೊಲಿದ ಗಾಯ ಕಾಣುವ ಹಾಗೆ.
ಬರೆದುಕೊಳ್ಳಿ.”
ಬರೆದುಕೊಂಡೆ. ಜೋಡಣೆ ಕಾಣದಿರಲೆಂದು
ಮೂರು ಕೂದಲಿನ ಕುಂಚದಿಂದ ರಾತ್ರಿಯೆಲ್ಲ
ಕಾಲರಿನ ಅಂಚು ತೀಡುತ್ತಿದ್ದವನ ಬಗ್ಗೆ
ಸರ್‌ಗೆ ಹೇಳಲಿಲ್ಲ.

ಅವನು ತೀರಿಕೊಂಡ ಮೇಲೆ ಮಗಳು ರುಖಿಯಾ ಕೇಳಿದಳು,
ಅಬ್ಬಾಂದು ಒಂದು ಫೋಟೋ.
ಟ್ರಂಕಿನಲ್ಲಿ ಇರಲಿಲ್ಲ. ನೆಗೆಟಿವುಗಳನ್ನೆಲ್ಲ
ಬೆಳ್ಳಿ ತೆಗೆಯುವವನಿಗೆ ತೂಕಕ್ಕೆ ಮಾರಿ
ಯಾವಾಗಲೋ ಬಾಡಿಗೆ ಕಟ್ಟಿದ್ದ.
ಮತದ ಗುರುತಿನ ಚೀಟಿಯಲ್ಲಿ ಮಾರಿ ಬರೀ ಮಸಿ.

ಮನೆಮನೆ ತಿರುಗಿದೆ. ಮಡ್ಡಿಯಲ್ಲಿ ಒಂಬತ್ತು ಜೋಡಿ ಕೈ,
ಭಂಕೂರಿನಲ್ಲಿ ನಾಲ್ಕು,
ಹಳೇ ಶಹಾಬಾದದ ಒಂದೇ ಓಣಿಯಲ್ಲಿ ಹದಿನೇಳು.
ಸಾಲಾಗಿ ಇಟ್ಟು ನೋಡಿದರೆ
ಸತ್ತವರು ಸತ್ತ ವಯಸ್ಸಿನಲ್ಲೇ ಇದ್ದಾರೆ,
ಕೈಗಳು ಮಾತ್ರ ಮುದಿಯಾಗುತ್ತ ಬಂದಿವೆ:
ನರ ಎದ್ದಿವೆ, ಒಂದರಲ್ಲಿ ತೋರುಬೆರಳಿಗೆ ಬಟ್ಟೆ ಸುತ್ತಿದೆ.

ಜಗದೇವಿ ಗೋಡೆಯಿಂದ ಇಳಿಸಗೊಡಲಿಲ್ಲ.
“ಲಾಡ್ಲೇಸಾಬಂದು ಹ್ಯಾಂಗ ಆಗ್ತದ?
ಮೂವತ್ತು ವರ್ಷ ದಿನಾ ನೋಡೀನಿ,
ಅವು ನಮ್ಮ ಮನಿಯವರ ಕೈ.”

ಉಳಿದವನ್ನು ಪ್ರಿಂಟು ಹಾಕಿಸಿ, ಬ್ಲೇಡು ಮುಟ್ಟದೆ,
ಬೆರಳಿನಿಂದ ಹರಿದು ಹರಿದು
ಅದೇ ಫರಸಿಯ ಮೇಲೆ ಒಂದೇ ಕೋಟು ಮಾಡಿದೆ.
ಹರಿದ ಬಿಳಿ ಅಂಚು ಹಾಗೇ ಬಿಟ್ಟೆ.
ಕಾಲರಿನ ಮೇಲೆ ಏನೂ ಹಚ್ಚಲಿಲ್ಲ.

ರುಖಿಯಾ ಬಂದಳು. ಚಪ್ಪಲಿ ಬಿಟ್ಟು, ಬಗ್ಗಿ,
ಎದೆಯ ಹತ್ತಿರ ಬೆರಳಿಟ್ಟಳು.
“ಈ ಗುಂಡಿ ನಾನೇ ಕಿತ್ತಿದ್ದೆ,” ಅಂದಳು,
“ಸಣ್ಣಾಕಿ ಇದ್ದಾಗ. ನುಂಗಿಬಿಟ್ಟಿದ್ದೆ.”