ಎರಡನೆಯ ಸೀಸೆ

ಮೊದಲನೆಯದು ಕೊಟ್ಟಿಗೆಯಲ್ಲೇ, ಕೋಳಿ ಕೂಗುವ ಮುನ್ನ.
ಹೆಬ್ಬೆರಳೊತ್ತಿದರೆ ಕತ್ತಿನ ರಕ್ತನಾಳ
ನೆಂದ ಹಗ್ಗದಂತೆ ಉಬ್ಬಿತು.
ಸೂಜಿ ಒಳಗಿಳಿದರೂ ಹೋರಿ
ಹುರುಳಿನುಚ್ಚು ಮೆಲ್ಲುವುದ ಬಿಡಲಿಲ್ಲ.
ಪಿಳ್ಳಪ್ಪ ನನಗೆ ಕನ್ನಡದಲ್ಲಿ: 'ಜಾಸ್ತಿ ತೆಗೀಬೇಡಿ ಮೇಡಂ.'
ಅದಕ್ಕೆ ತೆಲುಗಿನಲ್ಲಿ: 'ಏಮೀ ಲೇದುರಾ, ಏಮೀ ಲೇದು.'

ಎರಡನೆಯದು ಕಾಮಸಮುದ್ರದಲ್ಲಿ,
ಟೆಂಪೋದ ಹಿಂಬಾಗಿಲು ಬಿಚ್ಚಿದಾಗ.
ಬೇತಮಂಗಲದ ತಿರುವು, ಕೆಜಿಎಫ್‌ನ ಸೈನೈಡ್ ದಿಬ್ಬ,
ರಸ್ತೆಯ ಉಬ್ಬುಗಳೆಲ್ಲ ಅದರ ಮೊಣಕಾಲಲ್ಲಿ ಇನ್ನೂ ಇದ್ದವು.
ಸಗಣಿ ನೀರಾಗಿತ್ತು. ಕಣ್ಣಂಚಿನ ಬಿಳಿ
ಬಿದಿಗೆ ಚಂದ್ರನಷ್ಟು.
ಆದರೂ ಸದ್ದಿಲ್ಲ. ನಿಂತೇ ಇತ್ತು,
ಬೀಗ ಹಾಕಿದ ಮನೆಯೊಳಗೆ
ಯಾರೋ ಮಿಕ್ಸಿ ಆರಿಸಲು ಮರೆತು ಹೋದಂತೆ.

ಮೂರನೆಯದಕ್ಕೆ ಎಲ್ಲರೂ ಕಾದಿದ್ದರು.
ಎರಡು ಸಾಲು ಜನ, ನಡುವೆ ಓಣಿ,
ಕೊಂಬಿಗೆ ಕಟ್ಟಿದ ಬಣ್ಣದ ಹಲಗೆ, ಕೀಳಲು ಬಂದ ಕೈಗಳು, ಧೂಳು.
ಒಬ್ಬನ ಅಂಗಿ ಕೊಂಬಿನ ಮೇಲೆ ಬಾವುಟವಾಗಿ ಬಂತು,
ಅಂಗಿಯ ಒಡೆಯ ನಗುತ್ತಾ ಹಿಂದೆ.
ಹೊಳ್ಳೆಯಲ್ಲಿ ನೊರೆ. ಎದೆಬಡಿತ ಎಣಿಸಹೋಗಿ
ಎರಡು ಸಲ ಲೆಕ್ಕ ತಪ್ಪಿದೆ.
'ಈಗ ನೋಡಿ, ಎಷ್ಟು ರೋಷ ಇರುತ್ತೆ ರಕ್ತದಲ್ಲಿ!' ಎಂದರು ಸುತ್ತಲಿದ್ದವರು.
ಸೀಸೆಗೆ ಚೀಟಿ ಅಂಟಿಸಿ, ಐಸ್ ಡಬ್ಬಿಯಲ್ಲಿ
ಕಾಲುಬಾಯಿ ಲಸಿಕೆಯ ಪಕ್ಕ ಮಲಗಿಸಿದೆ.

ಹನ್ನೊಂದು ದಿನದ ಮೇಲೆ ಕಾಗದ ಬಂತು.
ಕಾರ್ಟಿಸೋಲ್ ಎಂದಿತ್ತು ಅದರಲ್ಲಿ;
ಪಿಳ್ಳಪ್ಪನಿಗೆ ನಾನು ದಿಗಿಲಿನ ರಸ ಎಂದಿದ್ದೆ.
ಮೊದಲನೆಯದರಲ್ಲಿ ಚೂರು.
ಮೂರನೆಯದರಲ್ಲಿ ಹೆಚ್ಚು.
ಎರಡನೆಯದರಲ್ಲಿ ಅದಕ್ಕೂ ಹೆಚ್ಚು.

ಗಂಗೆದೊಗಲು ತುರಿಸುತ್ತಿದ್ದ ಕೈ ನಿಂತಿತು.
ಓಡುವಾಗ ಅದಕ್ಕೊಂದು ದಾರಿಯಿತ್ತು,
ಟೆಂಪೋದಲ್ಲಿ ತಿರುಗಲೂ ಜಾಗವಿರಲಿಲ್ಲ,
ಅಂತೇನೋ ವಿವರಿಸುತ್ತಿದ್ದೆ.
ಅವನು ಕೇಳಿಸಿಕೊಳ್ಳುತ್ತಿರಲಿಲ್ಲ.

'ಹೋದ ವರ್ಷ ಇದು ಒಬ್ಬ ಹುಡುಗನ ತೊಡೆ ಸೀಳಿತ್ತು.
ಈ ಸಲ ದಾರಿಯುದ್ದಕ್ಕೂ ಅದೇ ನನ್ನ ತಲೇಲಿ.
ಮೂಗುದಾರ ಹಿಡ್ಕೊಂಡು ಪಕ್ಕದಲ್ಲೇ ನಿಂತಿದ್ದೆ.
ಕೈ ನಡುಗ್ತಾನೇ ಇತ್ತು.
ಅದು ಹಗ್ಗದಲ್ಲಿ ಇಳಿಯುತ್ತಾ ಮೇಡಂ?'

ಕಾಗದ ಮಡಿಸಿದೆ, ಮತ್ತೆ ಬಿಚ್ಚಿದೆ.
ಹೋರಿ ತನ್ನ ಕತ್ತನ್ನು
ನಿಂತುಹೋದ ಆ ಕೈಗೆ
ತಾನೇ ಒತ್ತಿಕೊಂಡಿತು.