ನಾಕನೇ ಪ್ಲಗ್ಗಿನ ಬಣ್ಣ

ಪೇಡೆ ಡಬ್ಬಿ ಕೌಂಟರಿನ ಮ್ಯಾಲಿಟ್ಟ ಫಕ್ಕೀರೇಶ.
‘ಏನೋ, ಗಂಡೋ ಹೆಣ್ಣೋ?’ ಅಂತ ಮುಚ್ಚಳ ತಗದೆ.
ಒಳಗ ಆರು ಪ್ಲಗ್ಗು,
ಹೋದ ವರ್ಷದ ಕ್ಯಾಲೆಂಡರ್ ಹಾಳ್ಯಾಗ ಸುತ್ತಿದ್ದು,
ಒಂದೊಂದರ ಮ್ಯಾಲೂ ಪೆನ್ನಿಲೆ ಬರದ ನಂಬರು.

ಗೋಕುಲ ರೋಡಿನ ಈ ಅಂಗಡಿ ನಮ್ಮಪ್ಪಂದು.
ಬೋರ್ಡಿನ್ಯಾಗ ಇನ್ನೂ ಗಣಪತಸಾ ಜಿತೂರಿ ಅಂತನ ಐತಿ.
ಬೈಗಳಾ ತಿನ್ನೂದಷ್ಟ ನನ್ನ ಹೆಸರಿಗೆ.

ಅಂವ ಬೆಟಗೇರಿಯಿಂದ ಬಂದಾನ.
ವಾರವೆಲ್ಲಾ ಪ್ರೆಸ್ಸಿನ ಕಾಗದದ ರೀಲು ಹೊರೂ ಪಿಕಪ್ಪು
ಐತವಾರ ಆತಂದ್ರ ಬ್ಯಾರೇ ಪ್ರಾಣಿ:
ಗುಜರಿ ಜೀಪಿನಿಂದ ಕಿತ್ತ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು,
ಅದಕ್ಕೊಂದು ಟರ್ಬೊ.
ಎರಿ ಹೊಲದ ರೇಸಿನ್ಯಾಗ ಎರಡು ಸಲ ಮೊದಲನೇದು,
ಒಂದ್ಸಲ ಹಳ್ಳದಾಗ.

‘ಎಲ್ಲಾಕ್ಕಿಂತ ತುಟ್ಟೀದು ಕೊಡ್ರಿ ಅಕ್ಕಾರ.
ಇರಿಡಿಯಮ್ಮು. ಲಕ್ಷ ಕಿಲೋಮೀಟರ್ ಬರತಾವಂತ.’

ನಾ ಮಾತಾಡಲಿಲ್ಲ.
ಗಡಿಯಾರ ರಿಪೇರಿಯವರ ಭೂತಗನ್ನಡಿ ಕಣ್ಣಿಗೆ ಹಚ್ಚಿದೆ.
ಒಂದು, ಎರಡು: ಪೇಡೆ ಬಣ್ಣ,
ಹಾಲು ಹದಕ್ಕ ಕಾಯ್ದಂಗ.
ಮೂರೂ ಅದ.
ಐದಕ್ಕ ತುಸು ಕಾಡಿಗಿ.
ಆರು ಎಣ್ಣಿ ಕುಡದಿತ್ತು. ವಯಸ್ಸಾದ ರಿಂಗು, ಮಾಫ್ ಮಾಡಬಹುದು.
ನಾಕನೇದು ಬೆಳ್ಳಗ.
ಸುಣ್ಣಾ ಬಡದ ಗೋಡಿಯಂಗ ಬೆಳ್ಳಗ,
ತುದೀಗೆ ಸಾಸಿವಿಗಿಂತ ಸಣ್ಣ ಬೆಳ್ಳಿ ಹನಿ ಮೂರು.
ಬೆಳ್ಳಿ ಅಲ್ಲ ಅದು. ಪಿಸ್ಟನ್ನು.
ಕರಗಾಕ ಹತ್ತೈತಿ.

‘ಬೂಸ್ಟ್ ಎಷ್ಟು ಏರಿಸಿದಿ?’
‘ಇಲ್ಲಲ್ರಿ, ಮೊದಲಿನಷ್ಟ.’
ಪ್ಲಗ್ಗು ಅವನ ಮಾರಿ ಮುಂದ ಹಿಡದೆ.
ಅಂವ ಫ್ಯಾನ್ ನೋಡಿದ,
ಗೋಡಿಗೆ ತೂಗಬಿಟ್ಟ ಬೆಲ್ಟು ಎಣಿಸಿದ,
ಆಮ್ಯಾಲೆ ಸಣ್ಣ ದನೀಲೆ ಹೇಳಿದ:
‘ಮಗಳು ಬಾಜೂಕ ಕುಂತಿದ್ಲರಿ.
ಇನ್ನೂ ಜೋರು ಅಂದ್ಲು.’

ಕಪಾಟಿನಿಂದ ತಗದಿಟ್ಟೆ: ಸಾದಾ ತಾಮ್ರದ್ದು,
ಎರಡು ನಂಬರು ತಂಪು.
‘ಇಂಥಾ ಬೆಂಕಿ ಗಾಡಿಗೆ ತಂಪಿಂದೇನ್ರಿ? ಅದೂ ಇಷ್ಟು ಸೋವಿ?’

ಕಿಡಿ ತಂಪಲ್ಲೋ ಹುಚ್ಚಾ, ಕಿಡಿ ಅದ ಕಿಡಿ.
ಇದು ಸೆಕಿ ಹಿಡಕೊಂಡು ಕೂಡೂದಿಲ್ಲ,
ಲಗೂನ ದಾಟಿಸಿ ಕೈ ಝಾಡಿಸತೈತಿ,
ನಮ್ಮಪ್ಪನ ಸಿಟ್ಟಿನಂಗ.
ಪಾನಾ ಬೀಸಿ ಒಗದು, ಚಾ ಬರೂದ್ರಾಗ ಮರತಿರತಿದ್ದ.
ನಮ್ಮವ್ವಂದು ಹಂಗಲ್ಲ.
ಅಕಿ ಸುಮ್ಮನ ಇರತಿದ್ಲು. ಬೆಳ್ಳಗ.

ಲಕ್ಷ ಕಿಲೋಮೀಟರ್ ಬಂದ್ರ
ಲಕ್ಷ ಕಿಲೋಮೀಟರ್ ತನಾ ಒಳಗ ಏನಾತು ನೋಡೂದಿಲ್ಲ ನೀನು.
ಇವನ್ನ ಎರಡು ರೇಸಿಗೊಮ್ಮೆ ಬಿಚ್ಚಬೇಕು.
ಬಿಚ್ಚಲಿ ಅಂತನ ಸೋವಿ.

ಆಮ್ಯಾಲೆ ಸಂದು.
ಡಬ್ಬಿಯೊಳಗಿಂದ ಬರೂವಾಗ ಒಂಬತ್ತು ಪಾಯಿಂಟು.
ಟರ್ಬೊ ಒತ್ತಡದಾಗ ಅದು ಭಾಳ ದೂರ,
ಕಿಡಿ ಜಿಗಿಯೂದ್ರಾಗ ಊದಿ ಆರಿಸತೈತಿ.
ಫೀಲರ್ ಪಟ್ಟಿ ತೂರಿಸಿ, ಮೆಲ್ಲಕ ಬಡದು, ಆರಕ್ಕ ತಂದೆ.
ಒಂದು ಹೆಚ್ಚು ಬಗ್ಗಿತು. ಅದನ್ನ ಮತ್ತ ಎಬ್ಬಿಸಿದೆ.
ಸೂಜಿಗೆ ದಾರ ಪೋಣಸೂವಾಕಿಯನ್ನ ನೋಡಿದಂಗ
ಅಂವ ಉಸಿರು ಬಿಗಿಹಿಡದು ನೋಡತಿದ್ದ.

‘ಸಾವಿರಾನೂ ಆಗಲಿಲ್ಲಲ್ರಿ’ ಅಂದ,
ಮೋಸ ಹೋದವರಂಗ.
‘ಬೂಸ್ಟ್ ಇಳಸು. ಪ್ಲಗ್ಗು ಬದಲಿಸಿದ್ರ ಸುಳ್ಳು ಬದಲಾಗೂದಿಲ್ಲ.
ಅಣ್ಣಿಗೇರಿ ದಾಟಿದ ಮ್ಯಾಲೆ ಬದಿಗೆ ಹಚ್ಚು,
ಎಂಜಿನ್ನು ಆರೂತನಾ ಕಾಯಿ,
ನಾಕನೇದು ಬಿಚ್ಚಿ ಬಣ್ಣ ಹೇಳು.’

ಶಟರ್ ಅರ್ಧಾ ಇಳಿಸಿದ್ದೆ, ಫೋನ್ ಬಂತು.
ಲಾರಿ ಹಾದ ಸಪ್ಪಳ, ಬಯಲಿನ ಗಾಳಿ.
‘ಬಿಚ್ಚೀನ್ರಿ ಅಕ್ಕಾರ. ಕತ್ತಲಾತು, ನನಗ ತಿಳಿವಲ್ತು.
ತಡೀರಿ, ಇಕಿ ಬ್ಯಾಟರಿ ಹಿಡದಾಳ, ಇಕೀನ ಕೇಳ್ರಿ.’

‘ಯಾವ ಬಣ್ಣವಾ?’
ತುಸು ಹೊತ್ತು ಏನೂ ಇಲ್ಲ.
‘ನಮ್ಮ ಮನೀ ಬೆಕ್ಕಿನ ಬಣ್ಣ’ ಅಂದ್ಲು ಹುಡುಗಿ,
ಖಾತ್ರಿಲೆ, ಇನ್ನ ಕೇಳೂದೇನೈತಿ ಅನ್ನೂವಂಗ.

ಫೋನ್ ಇಟ್ಟು ಶಟರ್ ಎಳಕೊಂಡು ನಿಂತೆ.
ಬೆಟಗೇರ್ಯಾಗಿನ ಆ ಬೆಕ್ಕನ್ನ ನಾ ನೋಡಿಲ್ಲ.