ಮೂವತ್ತೆಂಟು ಪಾಯಿಂಟ್ ಏಳು

ಶಹಾಬಾದ. ಶುಕ್ರವಾರ ರಾತ್ರಿ. ಸಾಬವ್ವನ ಮನೆಕಟ್ಟೆ.
ನನ್ನ ಡಬ್ಬಿಯಲ್ಲಿ ಹನ್ನೆರಡು ಗುಳಿಗೆ,
ಒಂದೊಂದೂ ಹುಣಸೆಬೀಜದಷ್ಟು.
ಒಳಗೆ ಪುಟ್ಟ ಥರ್ಮಾಮೀಟರು, ಅದಕ್ಕೊಂದು ಬ್ಯಾಟರಿ.
ನುಂಗಿದವರ ಕರುಳಿನ ಬಿಸಿಯನ್ನು
ಅರ್ಧ ನಿಮಿಷಕ್ಕೊಮ್ಮೆ
ಸೊಂಟಕ್ಕೆ ಕಟ್ಟಿದ ಪೆಟ್ಟಿಗೆಗೆ ಪಿಸುಗುಡುತ್ತದೆ.

ನಾನು ಇದೇ ಊರವಳು. ಬಿಎಸ್ಸಿ ಮುಗಿಸಿ
ತಿಂಗಳಿಗೆ ಹದಿನಾಲ್ಕು ಸಾವಿರಕ್ಕೆ ಸಂಶೋಧನೆಯ ಕೂಲಿ.
ಸಮ್ಮತಿಪತ್ರದ ಕನ್ನಡವನ್ನು
ಗಣಿಯ ಕನ್ನಡಕ್ಕೆ ಇಳಿಸಿ ಹೇಳುವುದು ನನ್ನ ಕೆಲಸ.

"ಹೊಟ್ಟ್ಯಾಗ ರೇಡಿಯೋ ಇಡ್ಲಕತ್ತೀ ಏನವ್ವಾ?
ನಾ ಮನಸಿನಾಗ ಬೈದದ್ದು
ಮೇಸ್ತ್ರಿಗಿ ಕೇಳಸ್ತದೇನು?"
ಖಾಜಾಬೀ ನಕ್ಕು ನಕ್ಕು
ನುಂಗಿದ್ದನ್ನು ಗಂಟಲಲ್ಲೇ ಸಿಕ್ಕಿಸಿಕೊಂಡಳು.
ಎರಡು ದಿನಕ್ಕೆ ಅದು ತಾನಾಗಿಯೇ ಹೊರಗೆ ಹೋಗುತ್ತದೆ
ಎಂದು ನಾನು ಓದಿದಾಗ
ಇಡೀ ಓಣಿಯೇ ನಕ್ಕಿತು.

ಶನಿವಾರ, ಬೆಳಗಿನ ಹತ್ತು. ಮೂವತ್ತೇಳು ಪಾಯಿಂಟ್ ಆರು.
ಹಾರೆ ಹಾಕಿ ಎಬ್ಬಿಸಿದರೆ ಫರ್ಸಿ ಏಳುತ್ತದೆ
ಬಿಸಿ ರೊಟ್ಟಿಯ ಪದರ ಎದ್ದಂತೆ.
ಈ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳ,
ಮೀನು ಹುಟ್ಟುವುದಕ್ಕೂ ಮೊದಲಿನ ಸಮುದ್ರ.
ಆ ನೀರೆಲ್ಲ ಎಲ್ಲಿಗೆ ಹೋಯಿತೆಂದು
ಕಾಲೇಜಿನಲ್ಲಿ ಕೇಳಿದಾಗ ನಾನು ಕೈ ಎತ್ತಿರಲಿಲ್ಲ.
ಇವತ್ತಾದರೆ ಎತ್ತುತ್ತಿದ್ದೆ:
ಒಂದಿಷ್ಟು ಇಲ್ಲಿದೆ ಸರ್,
ಸಾಬವ್ವನ ಕುಪ್ಪಸದ ಬೆನ್ನ ಮೇಲೆ
ಉಪ್ಪಿನ ಗೆರೆಯಾಗಿ ಒಣಗಿದೆ.

ಒಂದು ಗಂಟೆ ಹತ್ತು ನಿಮಿಷ. ಪೆಟ್ಟಿಗೆ ಕೂಗಿತು.
ಮೂವತ್ತೆಂಟು ಪಾಯಿಂಟ್ ಏಳು.
ಮೂವತ್ತೆಂಟೂವರೆ ದಾಟಿದರೆ ಕೂರಿಸಬೇಕು, ಇದು ನಿಯಮ.
"ಇನ್ನ ನಾಕು ಹಾಸು ಅವ, ಮುಗಿಸ್ತೀನಿ.
ಕುಂತ್ರ ಲೆಕ್ಕ ಯಾರು ಕೊಡ್ತಾರ?"
ನಾನು ಹಾರೆ ಕಸಿದುಕೊಂಡೆ.
ಅದರ ಹಿಡಿ ನನ್ನ ಅಂಗೈ ಸುಟ್ಟಿತು.

ಲಾರಿಯ ನೆರಳಲ್ಲಿ ಕೂತು ಅವಳು ಬಾಯಿ ಮಾತ್ರ ತೋಯಿಸಿಕೊಂಡಳು.
ನಾನು ಫಾರ್ಮು ತೆಗೆದೆ.
ಬೆಳಗಿನಿಂದ ಕುಡಿದ ನೀರು: ಇನ್ನೂರ ನಲವತ್ತು ಮಿಲಿಲೀಟರು.
ಕಡಿಮೆ ಕುಡಿಯಲು ಕಾರಣ?
ಬಾಯಾರಿಕೆ ಇಲ್ಲ. ನೀರು ದೂರ. ನೀರು ಬಿಸಿ. ಇತರೆ.

"ಕುಡದು ಎಲ್ಲಿಗಿ ಹೋಗ್ಲಿ?
ಸುತ್ತ ಒಂದು ಗಿಡ ಇಲ್ಲ, ಒಂದು ಗ್ವಾಡಿ ಇಲ್ಲ.
ಗಣಿ ದಂಡಿ ಮ್ಯಾಲ ಗಂಡಸರು ನಿಂತಿರ್ತಾರ.
ಮೂಡಲ ಕೆಂಪಾಗೂದ್ರಾಗ ಹೋಗಿ ಬಂದ್ರ
ಮತ್ತ ಕತ್ತಲಾಗೂತನ ಹೊತ್ತು ತಳ್ಳೂದು.
ಇಪ್ಪತ್ತ್ಮೂರು ವರ್ಷ ಆಯ್ತು."

ಇತರೆಯ ಮುಂದೆ ಹೆಬ್ಬೆರಳಷ್ಟು ಗೆರೆ.
ಅವಳ ಮಾತು ಅದರಲ್ಲಿ ಹಿಡಿಯಲಿಲ್ಲ.
ಹಾಳೆ ತಿರುಗಿಸಿ ಅಂಚಿನಲ್ಲಿ ಬರೆದೆ,
ಅಂಚು ಮುಗಿದು ಹಿಂದಿನ ಪುಟಕ್ಕೆ ಹೋದೆ.
ಊರಿಗೆ ತಲುಪಿ ಕಂಪ್ಯೂಟರಿಗೆ ಹತ್ತುವಾಗ
ಅದೆಲ್ಲ ಒಂದೇ ಅಂಕಿ. ಒಂಬತ್ತು.

ಉಚ್ಚೆಯ ಬಣ್ಣದ ಪಟ್ಟಿ ತೋರಿಸಿದೆ, ಎಂಟು ಬಣ್ಣ.
ಕೊನೆಯದರ ಮೇಲೆ ಬೆರಳಿಟ್ಟಳು:
"ಕಡಕ್ ಚಹಾ."
ಕಿಡ್ನಿಯ ರಕ್ತಪರೀಕ್ಷೆಯ ವರದಿ ಇನ್ನೂ ಬಂದಿಲ್ಲ.

ರಾತ್ರಿ ಎರಡಾದರೂ ಮೂವತ್ತೇಳು ಪಾಯಿಂಟ್ ನಾಲ್ಕು.
ಅವಳ ನೆಲ ಫರ್ಸಿ, ಗೋಡೆ ಫರ್ಸಿ, ಸೂರೂ ಫರ್ಸಿ.
ಹಗಲು ಕಿತ್ತ ಕಲ್ಲು
ರಾತ್ರಿ ಬಿಸಿಲು ವಾಪಸು ಕೊಡುತ್ತದೆ, ಒಂದು ಪೈಸೆ ಮುರಿದುಕೊಳ್ಳದೆ.

ರವಿವಾರ ನಾಲ್ಕು ಇಪ್ಪತ್ತಕ್ಕೆ ಅಂಕಿ ನಿಂತಿದೆ:
ಸಂಪರ್ಕ ಇಲ್ಲ.
ಆರಕ್ಕೆ ನಾನು ಹೋದಾಗ ಅವಳು ಹಲ್ಲುಜ್ಜುತ್ತಿದ್ದಳು.
"ಹೋಯ್ತು ನೋಡವ್ವ ನಿನ್ನ ರೇಡಿಯೋ, ರೈಲು ಹಳಿ ದಾಟಿ."
ಬ್ಯಾಟರಿ ಇನ್ನೂ ಮೂರು ದಿನ ಬರುತ್ತದೆ.
ಜಾಲಿಯ ಬುಡದಲ್ಲಿ ಅದೀಗ
ಮಣ್ಣಿನ ಜ್ವರ ನೋಡುತ್ತಿರಬಹುದು,
ಬರೆದುಕೊಳ್ಳುವವರು ಯಾರೂ ಇಲ್ಲ.

ಪೆಟ್ಟಿಗೆ ಬಿಚ್ಚಿ ನನ್ನ ಕೈಗಿಟ್ಟು
ಗಡಿಗೆಯಿಂದ ತಂಬಿಗೆ ತುಂಬಿಕೊಂಡಳು.
ಕುಡಿದಳು. ಮತ್ತೊಂದು ತುಂಬಿದಳು.
ನನ್ನ ನೋಟ ನೋಡಿ ಬಾಯಿ ಒರೆಸಿಕೊಂಡು ಹೇಳಿದಳು:
"ಇವತ್ತು ಗಣಿ ಬಂದ್ ಅದ."